ಒತ್ತಕ್ಷರಕ್ಕೆ ಜಾಗವಿಲ್ಲದ ಪೆಟ್ಟಿಗೆ

ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ಓದಿದವರು ಒಂದಲ್ಲ ಒಂದು ಕಾಲಕ್ಕೆ ತುಂಗಾ ನದಿಯ ಹೆಸರಿನ ಅಕ್ಷರಗಳನ್ನು ಓದಿರುತ್ತಾರೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಜೊತೆಗೆ ಮೈಕ್ರೋಸಾಫ್ಟ್ ಕೊಟ್ಟ ಕನ್ನಡ ಫಾಂಟಿನ ಹೆಸರು ‘ತುಂಗಾ’. ಶಿವಮೊಗ್ಗದಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಂಡಿದ್ದ ನಮ್ಮಂಥವರಿಗೆ ಆ ಹೆಸರು ಪಟ್ಟಿಯಲ್ಲಿ ಕಂಡಾಗ ಸಣ್ಣದೊಂದು ಖುಷಿ ಆದದ್ದು ನಿಜ. ಆದರೆ ಆ ಫಾಂಟು ಬರುವ ಮೊದಲೇ ನಮ್ಮೂರಿನ ಪ್ರೆಸ್ಸು, ಅಂಗಡಿ, ಅಡಿಕೆ ಮಂಡಿಗಳ ಕಂಪ್ಯೂಟರುಗಳಲ್ಲಿ ಕನ್ನಡ ಇತ್ತು. ಹೇಗಿತ್ತು, ಯಾವ ಉಪಾಯದಿಂದ ಇತ್ತು, ಅದಕ್ಕೆ ನಾವು ಏನು ಬೆಲೆ ತೆತ್ತೆವು ಎನ್ನುವುದನ್ನು ಬರೆದಿಡಬೇಕು ಅನ್ನಿಸಿದೆ. ಈ ಕತೆಯಲ್ಲಿ ಫಾಂಟಿಗಿಂತ ದೊಡ್ಡ ಪಾತ್ರ ಇನ್ನೊಂದಕ್ಕಿದೆ. ಅದು ಪ್ರೋಗ್ರಾಮರುಗಳು ‘ಟೂಲ್‌ಕಿಟ್’ ಎಂದು ಕರೆಯುವ ಸಲಕರಣೆ ಪೆಟ್ಟಿಗೆ.

ಹಳೆಯ ಮುದ್ರಣಾಲಯಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿ ಗೋಡೆಗೆ ಒರಗಿಸಿಟ್ಟ ಮರದ ಕೇಸುಗಳಲ್ಲಿ ಸಣ್ಣ ಸಣ್ಣ ಮನೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಅಚ್ಚುಮೊಳೆ. ಮೊಳೆ ಜೋಡಿಸುವವರ ಕೈ ನೋಡದೆಯೇ ಸರಿಯಾದ ಮನೆಗೆ ಹೋಗುತ್ತಿತ್ತು. ಆದರೆ ಕೇಸಿನಲ್ಲಿ ಇಲ್ಲದ ಅಕ್ಷರವನ್ನು ಎಷ್ಟೇ ಜಾಣನಾದರೂ ಅಚ್ಚು ಮಾಡಲಾರ. ಟೂಲ್‌ಕಿಟ್ ಎಂದರೆ ಕಂಪ್ಯೂಟರ್ ಪರದೆಯ ಕೇಸು. ಒತ್ತುವ ಗುಂಡಿ, ಬರೆಯುವ ಚೌಕ, ಆರಿಸುವ ಪಟ್ಟಿ, ಮೇಲಿನ ಮೆನು, ಪಕ್ಕದ ಜಾರುಪಟ್ಟಿ ಎಲ್ಲವೂ ಅದರಲ್ಲಿ ಮೊದಲೇ ಎರಕಗೊಂಡಿರುತ್ತವೆ. ಪ್ರೋಗ್ರಾಮರ್ ಅವನ್ನು ಜೋಡಿಸುತ್ತಾನೆ. ಹೀಗೆ ಇಲ್ಲದಿದ್ದರೆ ಪ್ರತಿ ಗುಂಡಿಯ ಗೆರೆ, ನೆರಳು, ಒತ್ತಿದಾಗ ಅದು ಒಳಗೆ ಹೋದಂತೆ ಕಾಣುವ ರೀತಿ ಎಲ್ಲವನ್ನೂ ಪ್ರತಿ ಸಲ ಕೈಯಿಂದಲೇ ಬಿಡಿಸಬೇಕಾಗುತ್ತಿತ್ತು.

ಈ ಪೆಟ್ಟಿಗೆ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾ ಕೇಂದ್ರದ ಸುತ್ತಮುತ್ತ, 1970ರ ದಶಕದಲ್ಲಿ. ಅಲ್ಲಿಗೆ ಬಂದಿದ್ದ ನಾರ್ವೆಯ ಟ್ರಿಗ್ವೆ ರೀನ್ಸ್ಕೌಗ್ 1979ರಲ್ಲಿ ಒಂದು ಸರಳ ವಿಭಜನೆ ಸೂಚಿಸಿದರು. ಲೆಕ್ಕ ಒಂದು ಕಡೆ ಇರಲಿ, ಅದು ಕಣ್ಣಿಗೆ ಕಾಣುವ ಬಗೆ ಇನ್ನೊಂದು ಕಡೆ ಇರಲಿ, ಬಳಸುವವರ ಕೈಯ ಮಾತು ಕೇಳುವ ಭಾಗ ಬೇರೆಯೇ ಇರಲಿ ಎಂದು. ಇವತ್ತಿನ ಮೊಬೈಲ್ ಆ್ಯಪುಗಳವರೆಗೂ ಈ ಯೋಚನೆಯ ನೆರಳು ಬಂದಿದೆ. 1984ರಲ್ಲಿ ಆಪಲ್ ಕಂಪನಿ ಮ್ಯಾಕಿಂತೋಷ್ ತಂದಾಗ ಗುಂಡಿ-ಮೆನುಗಳನ್ನು ಬಿಡಿಸುವ ಸಲಕರಣೆಗಳನ್ನು ಯಂತ್ರದ ಒಳಗಿನ ಚಿಪ್ಪಿನಲ್ಲೇ ಇಟ್ಟಿತು. ಹಾಗಾಗಿ ಯಾರೇ ಬರೆದ ಪ್ರೋಗ್ರಾಮಾದರೂ ಒಂದೇ ಮನೆಯ ಮಕ್ಕಳಂತೆ ಕಾಣತೊಡಗಿತು. 1991ರಲ್ಲಿ ವಿಷುವಲ್ ಬೇಸಿಕ್ ಬಂತು. ಅದರ ಬೀಜ ಅಲನ್ ಕೂಪರ್ ಎಂಬ ವಿನ್ಯಾಸಕಾರ ಮೈಕ್ರೋಸಾಫ್ಟಿಗೆ ಮಾರಿದ ಒಂದು ತಂತ್ರಾಂಶದಲ್ಲಿತ್ತು. ಖಾಲಿ ಹಾಳೆಯಂಥ ಕಿಟಕಿ, ಪಕ್ಕದಲ್ಲಿ ಗುಂಡಿಗಳ ಸಾಲು. ಬೇಕಾದ್ದನ್ನು ಎಳೆದು ಹಾಳೆಯ ಮೇಲಿಟ್ಟರೆ ಪರದೆ ಸಿದ್ಧ.

ದೊಡ್ಡ ಊರಿನ ದೊಡ್ಡ ಕಂಪನಿಗಳ ಹೊರಗಿದ್ದವರಿಗೆ ಬಾಗಿಲು ತೆರೆದದ್ದು ಈ ವಿಷುವಲ್ ಬೇಸಿಕ್. ಶಿವಮೊಗ್ಗ, ಭದ್ರಾವತಿಗಳಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳ ಬೋರ್ಡುಗಳು ಎದ್ದ ಕಾಲ ಅದು. ಆರು ತಿಂಗಳು ಕಲಿತ ಹುಡುಗನೂ ಔಷಧಿ ಅಂಗಡಿಗೋ ಸೊಸೈಟಿಗೋ ಒಂದು ಬಿಲ್ಲಿಂಗ್ ಪರದೆ ಮಾಡಿಕೊಡಬಹುದಿತ್ತು. ಹಾಗೆ ಮಾಡಿದವರಲ್ಲಿ ನಾನೂ ಒಬ್ಬ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬ್ರಾಡ್ ಮೈಯರ್ಸ್, ಸ್ಕಾಟ್ ಹಡ್ಸನ್, ರ್‍ಯಾಂಡಿ ಪೌಷ್ 2000ರಲ್ಲಿ ಈ ಸಲಕರಣೆಗಳ ಚರಿತ್ರೆಯನ್ನು ಪರಿಶೀಲಿಸಿ ಒಂದು ಲೇಖನ ಬರೆದರು. ಒಂದು ಟೂಲ್‌ಕಿಟ್ಟನ್ನು ಅಳೆಯಲು ಅವರು ಬಳಸಿದ ಎರಡು ಮಾತುಗಳು ನನಗೆ ಬಹಳ ಇಷ್ಟ: ಹೊಸ್ತಿಲು ಮತ್ತು ಸೂರು. ಒಳಗೆ ಬರಲು ಎಷ್ಟು ಎತ್ತರದ ಹೊಸ್ತಿಲು ದಾಟಬೇಕು? ಒಳಗೆ ಬಂದ ಮೇಲೆ ತಲೆ ಸೂರಿಗೆ ತಾಗದೆ ಎಷ್ಟು ಎದ್ದು ನಿಲ್ಲಬಹುದು? ಮೂರನೆಯ ಮಾತೂ ಇತ್ತು. ಟೂಲ್‌ಕಿಟ್ ಯಾವುದನ್ನು ಸುಲಭ ಮಾಡುತ್ತದೋ ಪ್ರೋಗ್ರಾಮರುಗಳು ಇಳಿಜಾರಿನ ನೀರಿನ ಹಾಗೆ ಆ ಕಡೆಗೇ ಹರಿಯುತ್ತಾರೆ ಎಂದು. ವಿಷುವಲ್ ಬೇಸಿಕ್ಕಿನ ಹೊಸ್ತಿಲು ಕಾಲೆತ್ತಿದರೆ ದಾಟುವಷ್ಟೇ ಇತ್ತು. ಕನ್ನಡದ ಮಟ್ಟಿಗೆ ಅದರ ಸೂರು ನಮ್ಮ ಹಳೆಯ ಮಲೆನಾಡ ಮನೆಗಳ ಬಾಗಿಲಿನಷ್ಟೇ ತಗ್ಗು.

1999ರಲ್ಲಿ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ನಾನು ತಂತ್ರಾಂಶ ಬರೆಯಲು ಕೂತೆ. ಬೇಕಾದ್ದು ಹೆಚ್ಚೇನಲ್ಲ. ಅಡಿಕೆ ತಂದವರ ಹೆಸರು, ಊರು, ಚೀಲ, ತೂಕ, ದರ, ಹಮಾಲಿ, ಕಮಿಷನ್ನು, ಕೊನೆಗೆ ಪಟ್ಟಿ. ಮಾಲಿನ ಬಗೆ ನಾಲ್ಕು: ಸರಕು, ಬೆಟ್ಟೆ, ರಾಶಿ, ಗೊರಬಲು. ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹಿರಿಯರಿಗೆ ಇಂಗ್ಲಿಷ್ ಬಾರದು, ಹಾಗಾಗಿ ಪರದೆ ಕನ್ನಡದಲ್ಲೇ ಇರಬೇಕು ಎಂದು ಯಜಮಾನರು ಮೊದಲೇ ಹೇಳಿದ್ದರು.

ಆಗ ಕನ್ನಡ ತೋರಿಸಲು ಇದ್ದದ್ದು ಒಂದೇ ಉಪಾಯ. ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಚಿಹ್ನೆಗಳಿಗೆಂದು ಮೀಸಲಾದ ಇನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಕನ್ನಡದ ತುಂಡುಗಳನ್ನು ತುಂಬಿದ ಫಾಂಟನ್ನು ಹಾಕಿಕೊಳ್ಳಬೇಕಿತ್ತು. ಕಣ್ಣಿಗೆ ಕನ್ನಡ, ಹೊಟ್ಟೆಯಲ್ಲಿ ಅರ್ಥವಿಲ್ಲದ ರೋಮನ್ ಸಂಕೇತಗಳ ರಾಶಿ. ಅಕಾರಾದಿಯಾಗಿ ಹೆಸರು ಜೋಡಿಸು ಎಂದರೆ ಯಂತ್ರ ಆ ಸಂಕೇತಗಳ ಕ್ರಮದಲ್ಲಿ ಜೋಡಿಸಿ ಕೊಡುತ್ತಿತ್ತು. ಕೃಷ್ಣಪ್ಪನ ಪಕ್ಕ ಕಾಳಪ್ಪ ಇರುವುದಿಲ್ಲ, ಎಲ್ಲೋ ಇರುತ್ತಾನೆ.

ಅದಕ್ಕಿಂತ ತೊಂದರೆ ಕೊಟ್ಟದ್ದು ಒತ್ತಕ್ಷರ. ಇಂಗ್ಲಿಷಿನ ಗೆರೆಯ ಕೆಳಗೆ ಇಳಿಯುವುದು ನಾಲ್ಕೈದು ಅಕ್ಷರಗಳ ಬಾಲ ಮಾತ್ರ. ಕನ್ನಡದಲ್ಲಿ ಗೆರೆಯ ಕೆಳಗೆ ಇನ್ನೊಂದು ಮಹಡಿಯೇ ಇದೆ. ಟೂಲ್‌ಕಿಟ್ಟಿನ ಪಟ್ಟಿಯ ಸಾಲುಗಳು ಇಂಗ್ಲಿಷಿನ ಎತ್ತರಕ್ಕೆ ಅಳೆದು ಮಾಡಿದವು, ಹಾಗಾಗಿ ಆ ಮಹಡಿ ಕತ್ತರಿಸಿ ಹೋಗುತ್ತಿತ್ತು. ಬೆಟ್ಟೆ ಹೋಗಿ ಬೆಟೆ, ಪಟ್ಟಿ ಹೋಗಿ ಪಟಿ, ಒಟ್ಟು ಹೋಗಿ ಒಟು. ಅಣ್ಣಪ್ಪ ಎಂಬ ಹೆಸರಿನವರು ಅಣಪ ಆದರು. ಲೆಕ್ಕ ಬರೆಯುವ ಹಿರಿಯರು ಕನ್ನಡಕ ಏರಿಸಿ ನೋಡಿ, “ಅಲ್ಲ ಮಾರಾಯ, ಹೆಸರೇ ಸರಿ ಬರೆಯದ ಪಟ್ಟಿಗೆ ರೈತ ಸೈನು ಹಾಕ್ತಾನಾ?” ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಮಂಡಿಯ ವ್ಯವಹಾರ ನಿಂತಿರುವುದು ನಂಬಿಕೆಯ ಮೇಲೆ. ಆ ನಂಬಿಕೆಯ ಮೊದಲ ಗುರುತು ಪಟ್ಟಿಯಲ್ಲಿರುವ ಹೆಸರು.

ಸಾಲಿನ ಎತ್ತರ ಹೆಚ್ಚಿಸಿದರೆ ಹದಿನಾಲ್ಕು ಇಂಚಿನ ಮಾನಿಟರಿನಲ್ಲಿ ಹತ್ತು ಸಾಲೂ ಹಿಡಿಸದು. ಖಾತೆ ಪುಸ್ತಕದ ಒಂದು ಪುಟವನ್ನು ಒಂದೇ ನೋಟಕ್ಕೆ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಕಿರಿಕಿರಿ. ಕೊನೆಗೆ ಸಿದ್ಧ ಪಟ್ಟಿಯನ್ನು ಬಿಟ್ಟು, ವಿಷುವಲ್ ಬೇಸಿಕ್ಕಿನಲ್ಲಿ ಚಿತ್ರ ತೋರಿಸಲು ಇದ್ದ ಖಾಲಿ ಚೌಕವೊಂದನ್ನು ತೆಗೆದುಕೊಂಡು ಅದರ ಮೇಲೆ ಗೆರೆ ಎಳೆದು, ಅಕ್ಷರ ಇಟ್ಟು, ಅವರ ಖಾತೆ ಪುಸ್ತಕದ ಪುಟವನ್ನೇ ಬಿಡಿಸಿದೆ. ಅಳತೆಯ ಏಕಮಾನ ಇಂಚಿನ 1440ನೆಯ ಒಂದು ಭಾಗ. ಒತ್ತಕ್ಷರ ಮುಂದಿನ ಸಾಲಿನ ಗುಡಿಸಿಗೆ ತಾಗದಂತೆ, ಆದರೆ ಸಾಲುಗಳು ದೂರವೂ ಆಗದಂತೆ ಅಂಕಿ ತಿದ್ದುತ್ತ ಕೂತದ್ದು ಎರಡು ವಾರ. ಜಮಾ ಎಡಕ್ಕೆ, ಖರ್ಚು ಬಲಕ್ಕೆ, ಪುಟದ ತಲೆಯಲ್ಲಿ ಒಂದು ‘ಶ್ರೀ’. ಹಿರಿಯರು ಒಂದೇ ದಿನದಲ್ಲಿ ಕಲಿತರು. ಕಲಿಯಲು ಹೊಸತೇನೂ ಇರಲಿಲ್ಲ, ಅದು ಅವರದೇ ಪುಸ್ತಕ.

ಇದು ನನ್ನೊಬ್ಬನ ಜಾಣತನವಲ್ಲ. ಆ ಕಾಲದ ಕನ್ನಡ ಪ್ರೋಗ್ರಾಮರುಗಳೆಲ್ಲ ಒಂದಲ್ಲ ಒಂದು ಕಡೆ ಪೆಟ್ಟಿಗೆಯ ತಳ ಒಡೆದು ಕೆಳಗಿಳಿಯಲೇಬೇಕಿತ್ತು. ಕಂಪ್ಯೂಟರಿನ ಕನ್ನಡದಲ್ಲಿ ನಿಜವಾದ ಹೊಸ ಯೋಚನೆಗಳು ಹುಟ್ಟಿದ್ದೂ ಅಲ್ಲೇ. ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಕೀಲಿಮಣೆ ಇದಕ್ಕೆ ದೊಡ್ಡ ಉದಾಹರಣೆ. ಕನ್ನಡ ಟೈಪ್‌ರೈಟರಿನಲ್ಲಿ ಕೈ ಹುಡುಕಬೇಕಾದದ್ದು ಅಕ್ಷರದ ಚೂರುಗಳನ್ನು: ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ರಾವ್ ಅವರು ಆ ಹೊರೆಯನ್ನು ಬೆರಳಿನಿಂದ ಇಳಿಸಿ ತಂತ್ರಾಂಶದ ಹೆಗಲಿಗೆ ಹಾಕಿದರು. ಇಂಗ್ಲಿಷಿನ 26 ಕೀಲಿಗಳಲ್ಲೇ ವ್ಯಂಜನ, ಆಮೇಲೆ ಸ್ವರ, ಒತ್ತು ಬೇಕಾದರೆ ನಡುವೆ ಅರ್ಧಾಕ್ಷರದ ಕೀಲಿ. ಬರೆಯುವವರು ಉಚ್ಚಾರ ಹೇಳಿದರೆ ಸಾಕು, ಚೂರು ಹುಡುಕಿ ಜೋಡಿಸುವುದು ಯಂತ್ರದ ಕೆಲಸ. ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ಮುಂದೆ ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೆ ಇದೇ ಆಧಾರ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಪತ್ರ ಬರೆಯುವವರ, ಪುಸ್ತಕ ಮಾಡುವವರ ಕಷ್ಟ ಬಹುಪಾಲು ತೀರಿತು.

ಟೈಪ್ ಮಾಡುವ ಕಷ್ಟ ತೀರಿದರೂ ಗುಂಡಿ-ಚೌಕಗಳ ಕಷ್ಟ ಹಾಗೇ ಉಳಿಯಿತು. ಅದರ ನಡುವೆಯೇ ಆ ವರ್ಷಗಳಲ್ಲಿ ಕರ್ನಾಟಕದ ಅತಿ ದೊಡ್ಡ ಕನ್ನಡ ಪರದೆ ಹುಟ್ಟಿತು. ಅದು ‘ಭೂಮಿ’ ಯೋಜನೆ.

ನಮ್ಮ ಜಿಲ್ಲೆಯಲ್ಲಿ ಪಹಣಿ ಎಂದರೆ ಬರೀ ಕಾಗದವಲ್ಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ. 1974ರ ಭೂಸುಧಾರಣೆಯ ನಂತರ ಗೇಣಿದಾರರ ಹೆಸರು ಪಹಣಿಗೆ ಏರಿದ್ದು ಎಷ್ಟೋ ಮನೆಗಳಲ್ಲಿ ಮಗು ಹುಟ್ಟಿದಷ್ಟೇ ದೊಡ್ಡ ಸುದ್ದಿ. ಆ ಹೆಸರು ಇದ್ದದ್ದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. ನೋಡಬೇಕಾದರೆ ಅವರ ಹಿಂದೆ ಅಲೆಯಬೇಕಿತ್ತು. ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ರಾಜ್ಯದ 177 ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರಗಳು ತೆರೆದವು, ಶಿವಮೊಗ್ಗ ಮತ್ತು ಭದ್ರಾವತಿಯವೂ ಅವುಗಳ ಜೊತೆಗೆ. 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ.

ಆ ಕೌಂಟರುಗಳ ವಿನ್ಯಾಸದಲ್ಲಿ ಇದ್ದ ಒಂದು ಸಂಗತಿಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಒಂದು ಕಂಪ್ಯೂಟರಿಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಮಾನಿಟರುಗಳು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಕಿಟಕಿಯ ಆಚೆ ನಿಂತ ರೈತನ ಕಡೆಗೆ. ಒಳಗೆ ಏನು ಒತ್ತಿದರೆ ಏನು ಬರುತ್ತದೆ ಎನ್ನುವುದನ್ನು ಹೊರಗೆ ನಿಂತವರೂ ನೋಡಬಹುದು. ಯಾವ ಟೂಲ್‌ಕಿಟ್ಟಿನ ಯಾವ ಮನೆಯಲ್ಲೂ ಇಂಥದೊಂದು ಗುಂಡಿ ಇರಲಿಲ್ಲ. ಇದಕ್ಕೆ ಬೇಕಾದದ್ದು ಪರದೆಯನ್ನು ಯಾರ ಕಡೆಗೆ ತಿರುಗಿಸಬೇಕು ಎಂಬ ಪ್ರಶ್ನೆ ಕೇಳಿಕೊಳ್ಳುವ ಒಂದು ತಲೆ. ಓದಲು ಬಾರದವರಿಗೂ ಅದರಲ್ಲಿ ಒಂದು ಸಮಾಧಾನ ಇತ್ತು: ಮರೆಯಲ್ಲಿ ಏನೂ ನಡೆಯುತ್ತಿಲ್ಲ.

ಇದೇ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಜೊತೆಗಾರರು ‘ಸಿಂಪ್ಯೂಟರ್’ ರೂಪಿಸುತ್ತಿದ್ದರು. ಅಂಗೈಯಲ್ಲಿ ಹಿಡಿಯುವ ಯಂತ್ರ, ಕಡ್ಡಿಯಿಂದ ಮುಟ್ಟುವ ಪರದೆ, ಬರೆದದ್ದನ್ನು ನಮ್ಮ ಭಾಷೆಗಳಲ್ಲಿ ಓದಿ ಹೇಳುವ ಯೋಜನೆ. ಹೊರಗಿನ ಟೂಲ್‌ಕಿಟ್ಟುಗಳು ತಮಗೆ ಹೊಂದುವುದಿಲ್ಲ ಎಂದು ಅವರು ತಮ್ಮದೇ ಗುರುತುಭಾಷೆ ಕಟ್ಟಿಕೊಂಡರು. 2004ರಲ್ಲಿ ಮಾರುಕಟ್ಟೆಗೆ ಬಂದ ಅದರ ‘ಅಮಿಡ’ ಮಾದರಿಯನ್ನು ಓರೆ ಮಾಡಿದರೆ ಪುಟ ತಿರುಗುತ್ತಿತ್ತು. ಐಫೋನ್ ಬಂದದ್ದು ಅದಾದ ಮೂರು ವರ್ಷಕ್ಕೆ. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಓದು-ಬರಹ ಕಡಿಮೆ ಇರುವವರನ್ನು ಎದುರಿಗೆ ಕೂರಿಸಿಕೊಂಡು ಪೆಟ್ಟಿಗೆಯನ್ನೇ ಹೊಸದಾಗಿ ಮಾಡಬಹುದು ಎಂದು ತೋರಿಸಿಕೊಟ್ಟಿತು.

ಕನ್ನಡದ ಸೂರು ನಿಜವಾಗಿ ಎತ್ತರವಾದದ್ದು ಯೂನಿಕೋಡಿನಿಂದ. ಕನ್ನಡಕ್ಕೆ ಅದರಲ್ಲಿ 1991ರಿಂದಲೇ 128 ಮನೆಗಳ ಜಾಗ ಇತ್ತು. ಆದರೆ ಸಂಕೇತ ಇದ್ದರೆ ಸಾಲದು. ‘ಸ್ತ್ರೀ’ ಎಂಬ ಒಂದು ಅಕ್ಷರ ಯೂನಿಕೋಡಿನಲ್ಲಿ ಆರು ಸಂಕೇತಗಳ ಸಾಲು. ಅವನ್ನು ಓದಿ, ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸಿ ಒಂದು ಆಕಾರ ಕಟ್ಟುವ ಕುಶಲಕರ್ಮಿ ಬೇಕು. ವಿಂಡೋಸಿನಲ್ಲಿ ‘ಯೂನಿಸ್ಕ್ರೈಬ್’ ಈ ಕೆಲಸ ಮಾಡಿತು, ತುಂಗಾ ಫಾಂಟು ಅದರ ಕೈಯ ಮೊಳೆ. ಲಿನಕ್ಸ್ ಲೋಕದಲ್ಲಿ ‘ಪ್ಯಾಂಗೋ’ ಬಂತು. ಗ್ರೀಕಿನ ‘ಎಲ್ಲ’ ಮತ್ತು ಜಪಾನಿಯ ‘ಭಾಷೆ’ ಎರಡು ಪದ ಸೇರಿಸಿ ಮಾಡಿದ ಹೆಸರು ಅದು. 2002ರಲ್ಲಿ ‘ಜಿಟಿಕೆ’ ಟೂಲ್‌ಕಿಟ್ಟಿನ ಎರಡನೆಯ ಆವೃತ್ತಿ ಪ್ಯಾಂಗೋವನ್ನು ತನ್ನ ಹೊಟ್ಟೆಯೊಳಗೇ ಸೇರಿಸಿಕೊಂಡಿತು. ಅಂದರೆ ಆ ಟೂಲ್‌ಕಿಟ್ಟಿನಲ್ಲಿ ಯಾರು ಎಲ್ಲಿ ಕೂತು ಗುಂಡಿ ಮಾಡಿದರೂ ಅದರ ಮೇಲೆ ಕನ್ನಡ ಬರೆಯಬಹುದು, ಮಾಡಿದವರಿಗೆ ಕನ್ನಡ ಗೊತ್ತಿರಬೇಕೆಂದಿಲ್ಲ.

ಜಿಟಿಕೆಯಂಥ ಟೂಲ್‌ಕಿಟ್ಟುಗಳಲ್ಲಿ ಇನ್ನೊಂದು ಒಳ್ಳೆಯ ಗುಣ ಇತ್ತು. ವಿಷುವಲ್ ಬೇಸಿಕ್ಕಿನಲ್ಲಿ ಗುಂಡಿಯ ಅಗಲವನ್ನು ಅಳತೆ ಕೊಟ್ಟು ನಿಗದಿ ಮಾಡುತ್ತಿದ್ದೆವು. ಇಂಗ್ಲಿಷಿನ ನಾಲ್ಕಕ್ಷರದ ಗುಂಡಿಯಲ್ಲಿ ‘ಮುದ್ರಿಸು’ ತುರುಕಿದರೆ ಕೊನೆಯ ಅಕ್ಷರ ಆಚೆ ಬೀಳುತ್ತಿತ್ತು. ಹೊಸ ಕ್ರಮದಲ್ಲಿ ಮೊದಲು ಪದ ತನಗೆಷ್ಟು ಜಾಗ ಬೇಕು ಎಂದು ಹೇಳುತ್ತದೆ, ಆಮೇಲೆ ಗುಂಡಿ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ, ಪಕ್ಕದವು ಸರಿದು ಕೂರುತ್ತವೆ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಮೂರನೆಯವರಿಗೆ ಜಾಗ ಮಾಡಿದ ಹಾಗೆ. ಒತ್ತಕ್ಷರದ ಎತ್ತರಕ್ಕೂ ಇದೇ ನ್ಯಾಯ. ನಾನು ಎರಡು ವಾರ ಕೂತು ತಿದ್ದಿದ ಅಳತೆಯನ್ನು ಈಗ ಟೂಲ್‌ಕಿಟ್ ತಾನೇ ಕೇಳಿ ತಿಳಿದುಕೊಳ್ಳುತ್ತದೆ.

ಕರ್ನಾಟಕದಲ್ಲಿ ಈ ಬದಲಾವಣೆ ಕಚೇರಿಗಳಿಗೆ ತಲುಪುವುದರಲ್ಲಿ ನಮ್ಮ ಕಡೆಯ ನಂಟೊಂದಿದೆ. ರಾಜ್ಯ ಸರ್ಕಾರದ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಕೆ. ಚಿದಾನಂದಗೌಡರು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, ಕಂಪ್ಯೂಟರ್ ವಿಜ್ಞಾನದ ಮೇಷ್ಟ್ರು, ಕುವೆಂಪು ಅವರ ಅಳಿಯ. ಕುವೆಂಪು ಅವರ ಮಗ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಿದ್ದರು. ಕಂಪ್ಯೂಟರಿನಲ್ಲಿ ಬದುಕದ ಭಾಷೆ ಬದುಕುವುದು ಕಷ್ಟ ಎಂಬ ಆತಂಕ ಆ ತಲೆಮಾರಿನದು.

ಆದರೂ ಪೆಟ್ಟಿಗೆಯೊಳಗೆ ಹಳೆಯ ಊಹೆಗಳು ಇನ್ನೂ ಅಡಗಿವೆ. ಮೆನುವಿನಲ್ಲಿ ಶೀಘ್ರ ಕೀಲಿ ತೋರಿಸಲು ಒಂದು ಅಕ್ಷರದ ಕೆಳಗೆ ಗೆರೆ ಎಳೆಯುವ ಪದ್ಧತಿ ಇದೆ. ಕನ್ನಡದಲ್ಲಿ ಆ ಗೆರೆ ಒತ್ತಕ್ಷರದ ಮೈಮೇಲೇ ಬೀಳುತ್ತದೆ. ಹಾಗಾಗಿ ಲಿನಕ್ಸಿನ ಕನ್ನಡ ಅನುವಾದಕರು ‘ಕಡತ’ ಎಂದು ಬರೆದು ಪಕ್ಕದಲ್ಲೇ ಇಂಗ್ಲಿಷಿನ ‘ಎಫ್’ ಅಕ್ಷರವನ್ನು ಕಂಸದಲ್ಲಿ ಕೂರಿಸಬೇಕಾಯಿತು. ಮುಖ್ಯವಾದ ಪದವನ್ನು ದೊಡ್ಡಕ್ಷರದಲ್ಲಿ ತೋರಿಸು ಎನ್ನುವ ವಿನ್ಯಾಸದ ಸಲಹೆಗೆ ನಮ್ಮಲ್ಲಿ ಅರ್ಥವೇ ಇಲ್ಲ. ಓರೆ ಅಕ್ಷರ ನಮ್ಮ ಲಿಪಿಯ ಸಂಪ್ರದಾಯವಲ್ಲ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಲಿಪಿಗೆ ವ್ಯವಸ್ಥೆಯ ಮಟ್ಟದಲ್ಲೇ ಬೆಂಬಲ ಸಿಕ್ಕದ್ದು 2012ರ 4.1 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಎಷ್ಟೋ ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳ ಸಾಲು ಕಾಣುತ್ತಿತ್ತು.

ಉಪಾಯದ ಕನ್ನಡಕ್ಕೆ ನಾವು ತೆತ್ತ ಬೆಲೆಯೂ ಗೊತ್ತಿರಬೇಕು. ಆ ಮಂಡಿಯ ಐದಾರು ವರ್ಷಗಳ ಲೆಕ್ಕ ಈಗಲೂ ಒಂದು ಸೀಡಿಯಲ್ಲಿದೆ. ತೆರೆದರೆ ಅಂಕಿಗಳು ಸರಿ ಇವೆ, ಹೆಸರುಗಳಿದ್ದ ಜಾಗದಲ್ಲಿ ರೋಮನ್ ಚಿಹ್ನೆಗಳ ಕಸ. ಅದನ್ನು ಓದಿಸುತ್ತಿದ್ದ ಫಾಂಟು ಹಳೆಯ ಯಂತ್ರದ ಜೊತೆಗೇ ಹೋಯಿತು. ಯಾವ ವರ್ಷ ಯಾವ ಊರಿನಿಂದ ಎಷ್ಟು ರಾಶಿ ಬಂತು ಎನ್ನುವುದು ಮಲೆನಾಡಿನ ಚರಿತ್ರೆ ಬರೆಯುವವರಿಗೆ ಚಿನ್ನದಂಥ ಮಾಹಿತಿ. ಅದಕ್ಕಿಂತ ಹಳೆಯ, ಶಾಯಿಯಲ್ಲಿ ಬರೆದ ಖಾತೆ ಪುಸ್ತಕಗಳನ್ನು ಮಾತ್ರ ಯಾರು ಬೇಕಾದರೂ ಓದಬಹುದು. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಮುಕ್ತ ತಂತ್ರಾಂಶದ ಕನ್ನಡ ಬಳಗದವರು ಮಾಡಿದ್ದಾರೆ. ಹೆಸರಾಂತ ಫಾಂಟುಗಳ ಕಡತಗಳನ್ನು ಅವು ಉಳಿಸಿಕೊಡುತ್ತವೆ. ಅಷ್ಟು ಹೆಸರಿಲ್ಲದ ಫಾಂಟುಗಳ ಸಂಕೇತಪಟ್ಟಿಯನ್ನು ಯಾರಾದರೂ ಕೂತು ಒಂದೊಂದಾಗಿ ಗುರುತಿಸಬೇಕು. ನಾನೀಗ ಬಿಡುವಿದ್ದಾಗ ಮಾಡುತ್ತಿರುವುದು ಅದನ್ನೇ.

ಇವತ್ತು ಶಿವಮೊಗ್ಗ ಅಥವಾ ಭದ್ರಾವತಿಯಲ್ಲಿ ಕೂತ ವಿದ್ಯಾರ್ಥಿಯೊಬ್ಬಳು ಫ್ಲಟರ್ ಬಳಸಿ ಒಂದು ಸಂಜೆಯಲ್ಲಿ ಆ್ಯಪ್ ಕಟ್ಟಬಲ್ಲಳು. ‘ಬೆಟ್ಟೆ’ ಎಂದು ಬರೆದರೆ ಬೆಟ್ಟೆಯೇ ಬರುತ್ತದೆ. ಅದರ ಹಿಂದೆ ಎಷ್ಟು ಜನ ಕೂತು ದುಡಿದಿದ್ದಾರೆ ಎಂಬ ಗೊಡವೆ ಅವಳಿಗೆ ಬೇಡ, ಒಳ್ಳೆಯ ಸಲಕರಣೆಯ ಲಕ್ಷಣವೇ ಅದು. ಆದರೆ ಅವಳ ಪರದೆಯೂ ಮೊದಲು ಇಂಗ್ಲಿಷಿನಲ್ಲಿ ರೂಪುಗೊಂಡು ಆಮೇಲೆ ಕನ್ನಡಕ್ಕೆ ಅನುವಾದ ಆಗುತ್ತದೆ. ಸುಲಭದ ದಾರಿ ಈಗಲೂ ಅದೇ. ಖಾತೆ ಪುಸ್ತಕದ ಪುಟದಂತೆ ಕಾಣುವ ಪಟ್ಟಿ, ಎದುರಿಗಿದ್ದವರ ಕಡೆಗೂ ತಿರುಗುವ ಪರದೆ, ನೋಡದೆಯೇ ಕೇಳಿ ತಿಳಿಯಬಹುದಾದ ಲೆಕ್ಕ ಇವು ಯಾವುವೂ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಇಲ್ಲ. ಗಾಂಧಿ ಬಜಾರಿನ ತರಕಾರಿ ಅಂಗಡಿಯಲ್ಲಿ ಹಣ ಬಂದದ್ದನ್ನು ಕನ್ನಡದಲ್ಲಿ ಕೂಗಿ ಹೇಳುವ ಸಣ್ಣ ಡಬ್ಬಿಗೆ ಪರದೆಯ ಹಂಗೇ ಇಲ್ಲ, ಮತ್ತು ಆ ಅಂಗಡಿಯವರಿಗೆ ಅದರಷ್ಟು ಅನುಕೂಲವಾದ ಯಂತ್ರ ಬೇರೆ ಬಂದಿಲ್ಲ.

ಒಂದು ಅನುಕೂಲ ನಮಗಿರಲಿಲ್ಲ, ಅವಳಿಗಿದೆ. ಫ್ಲಟರ್, ಪ್ಯಾಂಗೋ, ಅಕ್ಷರ ಕಟ್ಟುವ ‘ಹಾರ್ಫ್‌ಬಝ್’ ಎಲ್ಲವೂ ಮುಕ್ತ ತಂತ್ರಾಂಶಗಳು. ಯಾವುದೋ ಒತ್ತಕ್ಷರ ತಪ್ಪಾಗಿ ಕೂತರೆ ಅದನ್ನು ಬರೆದು ತಿಳಿಸಬಹುದು, ಒಳಗಿನ ಸಾಲುಗಳನ್ನು ಓದಬಹುದು, ತಿದ್ದಿ ಕಳಿಸಬಹುದು. ತಿದ್ದುಪಡಿ ಒಪ್ಪಿಗೆಯಾದರೆ ಅದು ಲೋಕದ ಎಲ್ಲ ಪರದೆಗಳಿಗೂ ಹೋಗುತ್ತದೆ. ನಾವು ಪೆಟ್ಟಿಗೆಯ ತಳ ಒಡೆದು ಕೆಳಗಿಳಿಯುತ್ತಿದ್ದೆವು; ಇವರು ಅದಕ್ಕೆ ಹೊಸ ಮನೆಗಳನ್ನು ಸೇರಿಸಬಹುದು. ನಮ್ಮ ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಿ ವರ್ಷಕ್ಕೆ ಒಂದಾದರೂ ಈ ಬಗೆಯ ಕೆಲಸ ಇದ್ದರೆ ಎಷ್ಟು ಚೆನ್ನ.